ಪ್ರತಿ, ಪರೀಕ್ಷೆ, ಪ್ರಸಾರ: ತಂತ್ರಾಂಶ ನಿರ್ಮಾಣದ ಚರಿತ್ರೆಯಲ್ಲಿ ಒಂದು ಅಧ್ಯಾಯ

೧

ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನ ಬೆಳಗಲಿಯು ಕವಿಚಕ್ರವರ್ತಿ ರನ್ನನ ಹೆಸರನ್ನು ತನ್ನ ಹೆಸರಿನೊಡನೆ ಧರಿಸಿ ರನ್ನ ಬೆಳಗಲಿಯೆಂದು ಪ್ರಸಿದ್ಧವಾಗಿದೆ. ಬಳೆಗಾರರ ಕುಲದಲ್ಲಿ ಹುಟ್ಟಿದ ಈ ಕವಿಯು ಕ್ರಿ. ಶ. ೯೯೩ರಲ್ಲಿ ಅಜಿತಪುರಾಣವನ್ನು ರಚಿಸಿದನು. ಅದನ್ನು ಬರೆಯಿಸಿದವಳು ದಾನಚಿಂತಾಮಣಿಯೆಂದು ಬಿರುದಾಂತಳಾದ ಅತ್ತಿಮಬ್ಬೆ. ಆಕೆಯ ತಂದೆಯಾದ ಮಲ್ಲಪನೂ ಆತನ ತಮ್ಮ ಪುನ್ನಮಯ್ಯನೂ ಹಿಂದೆ ಪೊನ್ನನಿಂದ ಶಾಂತಿಪುರಾಣವನ್ನು ಬರೆಯಿಸಿದ್ದರು. ಆ ಗ್ರಂಥದ ಒಂದು ಸಾವಿರ ಪ್ರತಿಗಳನ್ನು ಅತ್ತಿಮಬ್ಬೆಯು ಮಾಡಿಸಿ ಹಂಚಿದಳೆಂಬುದು ಕನ್ನಡ ಸಾಹಿತ್ಯಚರಿತ್ರೆಯನ್ನು ಓದಿದವರೆಲ್ಲರೂ ಬಲ್ಲ ಸಂಗತಿ.

ಈ ಸಂಗತಿಯನ್ನು ನಮ್ಮ ಚರಿತ್ರಕಾರರು ಸಾಮಾನ್ಯವಾಗಿ ದಾನದ ದೃಷ್ಟಿಯಿಂದ ಕೊಂಡಾಡಿದ್ದಾರೆ. ಅದು ಯುಕ್ತವೇ ಸರಿ. ಆದರೆ ಗ್ರಂಥಸಂಪಾದನೆಯ ದೃಷ್ಟಿಯಿಂದ ನೋಡಿದಾಗ ಇಲ್ಲಿ ಬೇರೊಂದು ಪ್ರಶ್ನೆ ಏಳುತ್ತದೆ. ಮೂಲಪ್ರತಿಯಲ್ಲಿ ಒಂದು ಅಕ್ಷರವು ತಪ್ಪಿದ್ದರೆ ಅದರಿಂದ ಇಳಿಸಿದ ಸಾವಿರ ಪ್ರತಿಗಳಲ್ಲಿಯೂ ಆ ತಪ್ಪು ಇಳಿಯುವುದು. ಅದಲ್ಲದೆ ಪ್ರತಿಯೊಬ್ಬ ಲಿಪಿಕಾರನೂ ತನ್ನ ಕೈಯ ತಪ್ಪುಗಳನ್ನು ಸೇರಿಸುವನು. ಹಸ್ತಪ್ರತಿಗಳ ವಂಶವೃಕ್ಷವನ್ನು ಕಟ್ಟುವ ವಿದ್ವಾಂಸರು ಈ ಸಮಾನದೋಷಗಳ ಜಾಡನ್ನೇ ಹಿಡಿದು ನಡೆಯುತ್ತಾರೆ. ‘ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕು’ ಎಂಬ ಅರ್ಥದ ಬೇಡಿಕೆಯು ಓಲೆಗರಿಗಳ ಕೊನೆಯಲ್ಲಿ ಮತ್ತೆ ಮತ್ತೆ ಕಾಣಬರುವುದು ಬರಿಯ ವಿನಯದಿಂದಲ್ಲ. ಪ್ರತಿಮಾಡುವ ಕೆಲಸವು ಪರಿಶೀಲಿಸುವ ಕೆಲಸಕ್ಕಿಂತ ಯಾವಾಗಲೂ ಮುಂದೆ ಓಡುತ್ತದೆಂಬುದು ಲಿಪಿಕಾರರಿಗೆ ತಿಳಿದಿತ್ತು.

ಪ್ರಕೃತ ಲೇಖನದ ವಿಷಯವು ಹತ್ತನೆಯ ಶತಮಾನದ್ದಲ್ಲ. ಕಳೆದ ಐವತ್ತು ವರ್ಷಗಳದು. ಗಣಕಯಂತ್ರದ ತಂತ್ರಾಂಶವನ್ನು ಕಟ್ಟುವುದು, ಪರೀಕ್ಷಿಸುವುದು, ಬಳಸುವವರಿಗೆ ತಲುಪಿಸುವುದು ಎಂಬ ಮೂರು ಕೆಲಸಗಳನ್ನು ಮನುಷ್ಯನ ಕೈಯಿಂದ ಯಂತ್ರಕ್ಕೆ ಒಪ್ಪಿಸಿದ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಿ, ಅದರಲ್ಲಿ ಕನ್ನಡನಾಡಿನ ಮತ್ತು ಕನ್ನಡ ಲಿಪಿಯ ಪಾತ್ರವೇನೆಂಬುದನ್ನು ತೋರಿಸುವುದು ನಮ್ಮ ಉದ್ದೇಶ. ಅತ್ತಿಮಬ್ಬೆಯ ಸಾವಿರ ಪ್ರತಿಗಳ ಎದುರಿಗೆ ನಿಂತ ಪ್ರಶ್ನೆಯೇ ಈ ಚರಿತ್ರೆಯ ಉದ್ದಕ್ಕೂ ನಿಂತಿದೆಯೆಂಬುದು ಮುಂದಿನ ವಿವೇಚನೆಯಿಂದ ತಿಳಿದುಬರುವುದು.

೨

ತಪ್ಪನ್ನು ಕಂಡೊಡನೆ ತಾನಾಗಿಯೇ ನಿಲ್ಲುವ ಯಂತ್ರದ ಕಲ್ಪನೆಯು ತಂತ್ರಾಂಶದವರಿಂದ ಹುಟ್ಟಿದುದಲ್ಲ, ಮಗ್ಗದಿಂದ ಹುಟ್ಟಿದುದು. ರನ್ನ ಬೆಳಗಲಿಯ ನೆರೆಯ ರಬಕವಿ-ಬನಹಟ್ಟಿ ಊರುಗಳು ನೇಯ್ಗೆಗೆ ಹೆಸರಾದವು. ಅಲ್ಲಿಯ ವಿದ್ಯುನ್ಮಗ್ಗಗಳನ್ನು ನೋಡಿದವರಿಗೆ ಒಂದು ಸಂಗತಿಯನ್ನು ವಿವರಿಸಿ ಹೇಳಬೇಕಾಗಿಲ್ಲ. ಮಗ್ಗವು ವೇಗವಾಗಿ ಓಡುತ್ತಿರುವಾಗ ಹೊಕ್ಕಿನ ನೂಲು ಹರಿದರೆ, ಅಥವಾ ಹಾಸಿನ ಒಂದು ಎಳೆ ತುಂಡಾದರೆ, ನೇಕಾರನು ನೋಡುವಷ್ಟರಲ್ಲಿ ಗೇಣುದ್ದ ಬಟ್ಟೆ ಕೆಟ್ಟುಹೋಗಬಹುದು. ಕೈಮಗ್ಗದಲ್ಲಿ ಈ ಭಯವು ಕಡಮೆ. ಏಕೆಂದರೆ ಅಲ್ಲಿ ನೇಯುವ ಕೈಯೂ ನೋಡುವ ಕಣ್ಣೂ ಒಬ್ಬನವೇ ಆಗಿದ್ದು ಒಂದೇ ವೇಗದಲ್ಲಿ ಸಾಗುತ್ತವೆ. ವಿದ್ಯುತ್ತಿನ ಬಲದಿಂದ ಕೈಯ ವೇಗವು ಹೆಚ್ಚಿದಾಗ ಕಣ್ಣು ಹಿಂದುಳಿಯುತ್ತದೆ.

ಜಪಾನಿನ ಸಾಕಿಚಿ ಟೊಯೊಡಾ ಎಂಬಾತನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರಚಿಸಿದ ಯಂತ್ರಮಗ್ಗದಲ್ಲಿ ಹೊಕ್ಕು ಹರಿದೊಡನೆ ಮಗ್ಗವು ನಿಲ್ಲುವ ಏರ್ಪಾಡು ಇತ್ತು. ೧೯೨೪ರಲ್ಲಿ ಸಿದ್ಧವಾದ ‘ಜಿ’ ಮಾದರಿಯ ಸ್ವಯಂಚಾಲಿತ ಮಗ್ಗದಲ್ಲಿ ಲಾಳಿಯು ಓಡುತ್ತಿರುವಂತೆಯೇ ಬದಲಾಗುವ ವ್ಯವಸ್ಥೆಯೂ ಹಾಸಿನ ಎಳೆ ಹರಿದರೆ ನಿಲ್ಲುವ ವ್ಯವಸ್ಥೆಯೂ ಕೂಡಿಬಂದವು. ೧೯೨೯ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಸಂಸ್ಥೆಯು ಈ ಮಗ್ಗದ ಹಕ್ಕುಗಳನ್ನು ಪಡೆಯಿತು. ಇದರ ಫಲವಾಗಿ ಒಬ್ಬನೇ ಕೆಲಸಗಾರನು ಹಲವು ಮಗ್ಗಗಳನ್ನು ನೋಡಿಕೊಳ್ಳುವುದು ಸಾಧ್ಯವಾಯಿತು. ಮಗ್ಗವು ಓಡುತ್ತಿದ್ದರೆ ಎಲ್ಲವೂ ಸರಿಯಿದೆಯೆಂದೇ ಅರ್ಥ; ನಿಂತುದನ್ನು ಮಾತ್ರ ನೋಡಿದರೆ ಸಾಕು.

ಟೊಯೊಡಾ ಮನೆತನದವರು ೧೯೩೭ರಲ್ಲಿ ಸ್ಥಾಪಿಸಿದ ಮೋಟಾರು ಕಾರ್ಖಾನೆಯಲ್ಲಿ ಇದೇ ತತ್ತ್ವವು ‘ಜಿಡೋಕಾ’ ಎಂಬ ಹೆಸರಿನಿಂದ ನೆಲೆಗೊಂಡಿತು. ದೋಷವನ್ನು ಕಂಡ ಯಾವ ಕೆಲಸಗಾರನಾದರೂ ಹಗ್ಗವೆಳೆದು ಸಾಲನ್ನೇ ನಿಲ್ಲಿಸಬಹುದೆಂಬ ನಿಯಮವು ಅಲ್ಲಿ ರೂಢಿಗೆ ಬಂದಿತು. ದೋಷವನ್ನು ಮುಂದಿನವನಿಗೆ ದಾಟಿಸಬಾರದೆಂಬ ಈ ವಿಚಾರವನ್ನು ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಮೇರಿ ಮತ್ತು ಟಾಮ್ ಪಾಪ್ಪೆಂಡೀಕ್ ದಂಪತಿಗಳು ತಂತ್ರಾಂಶ ನಿರ್ಮಾಣಕ್ಕೆ ಅನ್ವಯಿಸಿ ಬರೆದರು. ಅವರ ಗ್ರಂಥವು ೨೦೦೩ರಲ್ಲಿ ಪ್ರಕಟವಾಯಿತು. ಹೀಗೆ ನೇಕಾರರ ಹಾಸುಹೊಕ್ಕಿನಿಂದ ಹೊರಟ ಎಳೆಯೊಂದು ಗಣಕಯಂತ್ರದವರೆಗೆ ಬಂದು ಮುಟ್ಟಿತು.

೩

ತಂತ್ರಾಂಶವು ಎರಡು ರೂಪಗಳಲ್ಲಿ ಇರುತ್ತದೆ. ಮನುಷ್ಯರು ಓದಿ ಬರೆಯುವ ರೂಪವನ್ನು ಆಕರ ಸಂಕೇತವೆನ್ನುತ್ತಾರೆ. ಅದನ್ನು ಯಂತ್ರವು ನಡೆಸಬಲ್ಲ ರೂಪಕ್ಕೆ ಪರಿವರ್ತಿಸಿ ಬಿಡಿಭಾಗಗಳನ್ನು ಜೋಡಿಸುವುದೇ ನಿರ್ಮಾಣ. ಈ ವೃತ್ತಿಯವರ ಮಾತಿನಲ್ಲಿ ‘ಬಿಲ್ಡ್’. ದೊಡ್ಡ ತಂತ್ರಾಂಶದಲ್ಲಿ ಸಾವಿರಾರು ಕಡತಗಳಿರುವುದರಿಂದ, ಒಂದು ಕಡತವನ್ನು ತಿದ್ದಿದಾಗ ಯಾವ ಯಾವ ಭಾಗಗಳನ್ನು ಮತ್ತೆ ಪರಿವರ್ತಿಸಬೇಕೆಂಬುದನ್ನು ನೆನಪಿನಲ್ಲಿಡುವುದು ಕಷ್ಟ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಒಬ್ಬ ಸಹೋದ್ಯೋಗಿಯು ತಾನು ಆಗಲೇ ಸರಿಪಡಿಸಿದ್ದ ತಪ್ಪನ್ನು ಒಂದು ಬೆಳಗಿನ ಹೊತ್ತೆಲ್ಲ ಹುಡುಕಿ ಬಳಲಿದನಂತೆ. ತಿದ್ದಿದ ಕಡತವನ್ನು ಮತ್ತೆ ಪರಿವರ್ತಿಸಲು ಅವನು ಮರೆತಿದ್ದನು. ಈ ಪ್ರಸಂಗದಿಂದ ಪ್ರೇರಿತನಾದ ಸ್ಟುವರ್ಟ್ ಫೆಲ್ಡ್‌ಮನ್ ೧೯೭೬ರಲ್ಲಿ ‘ಮೇಕ್’ ಎಂಬ ಸಾಧನವನ್ನು ರಚಿಸಿದನು. ಯಾವ ಭಾಗವು ಯಾವುದನ್ನು ಅವಲಂಬಿಸಿದೆಯೆಂಬುದನ್ನು ಒಮ್ಮೆ ಬರೆದಿಟ್ಟರೆ, ಬೇಕಾದುದನ್ನು ಮಾತ್ರ ಮತ್ತೆ ಕಟ್ಟುವ ಭಾರವನ್ನು ‘ಮೇಕ್’ ಹೊರುತ್ತದೆ. ಮೂರು ಕೆಲಸಗಳಲ್ಲಿ ಮೊದಲನೆಯದು ಹೀಗೆ ಯಂತ್ರಕ್ಕೆ ಒಪ್ಪಿತವಾಯಿತು.

ಎರಡನೆಯದಾದ ಪರೀಕ್ಷೆಯ ಕೆಲಸಕ್ಕೆ ಇನ್ನೂ ಇಪ್ಪತ್ತು ವರ್ಷಗಳು ಹಿಡಿದವು. ಹಲವರು ಬೇರೆ ಬೇರೆಯಾಗಿ ಬರೆದ ಭಾಗಗಳನ್ನು ತಿಂಗಳುಗಟ್ಟಲೆ ಒಂದುಗೂಡಿಸದೆ ಬಿಟ್ಟು, ಕೊನೆಯಲ್ಲಿ ಜೋಡಿಸಲು ಹೊರಟಾಗ ಒಂದಕ್ಕೊಂದು ಹೊಂದದೆ ಹೋಗುವುದು ಆ ಕಾಲದ ಸಾಮಾನ್ಯ ಅನುಭವವಾಗಿತ್ತು. ದಿನಕ್ಕೊಮ್ಮೆಯಾದರೂ ಎಲ್ಲವನ್ನೂ ಸೇರಿಸಿ ಕಟ್ಟಬೇಕೆಂಬ ಪದ್ಧತಿಯು ಮೈಕ್ರೋಸಾಫ್ಟಿನಂತಹ ಸಂಸ್ಥೆಗಳಲ್ಲಿ ೧೯೯೦ರ ದಶಕದಲ್ಲಿ ಬೇರೂರಿತು. ಅದೇ ದಶಕದಲ್ಲಿ ಕೆಂಟ್ ಬೆಕ್ ಮತ್ತು ಆತನ ಸಂಗಡಿಗರು ಇನ್ನೂ ಮುಂದೆ ಹೋದರು. ಪ್ರತಿಯೊಂದು ಭಾಗಕ್ಕೂ ಪರೀಕ್ಷೆಯನ್ನು ತಂತ್ರಾಂಶದ ರೂಪದಲ್ಲಿಯೇ ಬರೆದಿಡಬೇಕು. ದಿನಕ್ಕೆ ಹಲವು ಸಲ ಎಲ್ಲರ ಕೆಲಸವನ್ನೂ ಒಂದುಗೂಡಿಸಬೇಕು. ಒಂದುಗೂಡಿಸಿದಾಗಲೆಲ್ಲ ಎಲ್ಲ ಪರೀಕ್ಷೆಗಳನ್ನೂ ನಡೆಸಬೇಕು ಎಂಬುದು ಅವರ ಮತ. ೧೯೯೯ರಲ್ಲಿ ಬೆಕ್ಕನ ಗ್ರಂಥವೂ ೨೦೦೦ದಲ್ಲಿ ಮಾರ್ಟಿನ್ ಫೌಲರ್ ಹಾಗೂ ಮ್ಯಾಥ್ಯೂ ಫೊಮ್ಮೆಲ್ ಬರೆದ ಲೇಖನವೂ ಈ ಪದ್ಧತಿಯನ್ನು ‘ಕಂಟಿನ್ಯುಯಸ್ ಇಂಟಿಗ್ರೇಷನ್’ ಎಂಬ ಹೆಸರಿನಿಂದ ಪ್ರಚುರಪಡಿಸಿದವು. ನಾವು ಇದನ್ನು ನಿರಂತರ ಏಕೀಕರಣವೆನ್ನಬಹುದು.

೨೦೦೧ರಲ್ಲಿ ‘ಕ್ರೂಸ್ ಕಂಟ್ರೋಲ್’ ಎಂಬ ಸಾಧನವು ಈ ಕೆಲಸಕ್ಕೆಂದೇ ಹೊರಬಂದಿತು. ಆಕರ ಸಂಕೇತದ ಭಂಡಾರವನ್ನು ಅದು ಕಾಯುತ್ತಿದ್ದು, ಯಾರಾದರೂ ತಿದ್ದುಪಡಿಯನ್ನು ಸೇರಿಸಿದರೆ ತಾನಾಗಿಯೇ ಕಟ್ಟಿ, ಪರೀಕ್ಷಿಸಿ, ಫಲವನ್ನು ಸಾರುತ್ತಿತ್ತು. ಬಳಿಕ ಸನ್ ಸಂಸ್ಥೆಯಲ್ಲಿದ್ದ ಕೋಸುಕೆ ಕವಾಗುಚಿ ರಚಿಸಿದ ‘ಹಡ್ಸನ್’ ೨೦೦೫ರಲ್ಲಿ ಬಿಡುಗಡೆಯಾಗಿ, ಹೆಸರಿನ ಬಗ್ಗೆ ಎದ್ದ ವಿವಾದದ ಫಲವಾಗಿ ೨೦೧೧ರಲ್ಲಿ ‘ಜೆಂಕಿನ್ಸ್’ ಎಂಬ ಹೆಸರನ್ನು ತಾಳಿ ಜಗತ್ತಿನಲ್ಲೆಲ್ಲ ಹರಡಿತು. ಮೂರನೆಯ ಕೆಲಸವಾದ ಪ್ರಸಾರವನ್ನು, ಅಂದರೆ ಪರೀಕ್ಷೆಯಲ್ಲಿ ತೇರ್ಗಡೆಯಾದ ತಂತ್ರಾಂಶವನ್ನು ನೇರವಾಗಿ ಬಳಕೆಯ ಯಂತ್ರಗಳಿಗೆ ತಲುಪಿಸುವುದನ್ನು, ಜೆಜ್ ಹಂಬಲ್ ಮತ್ತು ಡೇವಿಡ್ ಫಾರ್ಲಿ ೨೦೧೦ರ ತಮ್ಮ ಗ್ರಂಥದಲ್ಲಿ ಶಾಸ್ತ್ರೀಯವಾಗಿ ನಿರೂಪಿಸಿದರು. ತಿದ್ದುಪಡಿಯು ಒಂದೊಂದು ಘಟ್ಟವನ್ನು ದಾಟುತ್ತ ಹೋಗುವ ಈ ಮಾರ್ಗಕ್ಕೆ ‘ಪೈಪ್‌ಲೈನ್’ ಎಂಬ ಹೆಸರು ನಿಂತಿತು. ಯಾವ ಘಟ್ಟದಲ್ಲಿ ತಪ್ಪು ಕಂಡರೂ ಮಾರ್ಗವು ನಿಲ್ಲುತ್ತದೆ. ಮಗ್ಗದ ನಿಯಮವೇ ಇದು.

೪

ಈ ಪದ್ಧತಿಯು ಕನ್ನಡನಾಡಿನಲ್ಲಿ ಹೇಗೆ ನಡೆಯಿತೆಂಬುದಕ್ಕೆ ದಾಖಲೆಗಳೆಲ್ಲವೂ ಬಹಿರಂಗವಾಗಿರುವ ಒಂದು ಉದಾಹರಣೆಯನ್ನು ಪರಿಶೀಲಿಸಬಹುದು. ಹಲವು ಗಣಕಯಂತ್ರಗಳ ಸಂಗ್ರಹಸ್ಥಳವನ್ನು ಕೂಡಿಸಿ ಒಂದೇ ಭಂಡಾರದಂತೆ ತೋರಿಸುವ ‘ಗ್ಲಸ್ಟರ್ ಎಫ್‌ಎಸ್’ ಎಂಬ ತಂತ್ರಾಂಶದ ಬಹುಭಾಗವು ಬೆಂಗಳೂರಿನಲ್ಲಿ ಬೆಳೆಯಿತು. ಅದನ್ನು ನಡೆಸುತ್ತಿದ್ದ ಗ್ಲಸ್ಟರ್ ಸಂಸ್ಥೆಯನ್ನು ರೆಡ್ ಹ್ಯಾಟ್ ಸಂಸ್ಥೆಯು ೨೦೧೧ರ ಅಕ್ಟೋಬರಿನಲ್ಲಿ ಸುಮಾರು ೧೩ ಕೋಟಿ ೬೦ ಲಕ್ಷ ಡಾಲರುಗಳಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಆಕರ ಸಂಕೇತವು ಮುಕ್ತವಾಗಿದ್ದುದರಿಂದ ಅದರ ಪರೀಕ್ಷಾಕ್ರಮವೂ ಎಲ್ಲರ ಕಣ್ಣೆದುರಿಗೆ ನಡೆಯಿತು.

ಅಲ್ಲಿಯ ಕ್ರಮವು ಹೀಗಿತ್ತು. ಒಬ್ಬನು ತಿದ್ದುಪಡಿಯನ್ನು ಬರೆದು ‘ಗೆರಿಟ್’ ಎಂಬ ವಿಮರ್ಶಾಸ್ಥಾನಕ್ಕೆ ಕಳುಹಿಸುತ್ತಿದ್ದನು. ಒಡನೆಯೇ ಜೆಂಕಿನ್ಸ್ ಯಂತ್ರವು ಅದನ್ನು ಕಟ್ಟಿ ‘ಸ್ಮೋಕ್’ ಎಂಬ ಪ್ರಾಥಮಿಕ ಪರೀಕ್ಷೆಯನ್ನೂ, ಹಳೆಯ ಗುಣಗಳು ಕೆಟ್ಟಿಲ್ಲವೆಂಬುದನ್ನು ನೋಡುವ ‘ರಿಗ್ರೆಷನ್’ ಪರೀಕ್ಷೆಗಳನ್ನೂ ನಡೆಸುತ್ತಿತ್ತು. ಪ್ರತಿಯೊಂದು ಪರೀಕ್ಷೆಯೂ ಒಂದು ಸಣ್ಣ ಕಡತ. ಇಂಥ ಆಜ್ಞೆಯನ್ನು ಕೊಟ್ಟರೆ ಇಂಥ ಉತ್ತರ ಬರಬೇಕು, ಇಷ್ಟು ಕ್ಷಣಗಳೊಳಗೆ ಬರಬೇಕು ಎಂದು ಅದರಲ್ಲಿ ಬರೆದಿರುತ್ತಿತ್ತು. ಹಿಂದೆ ಕಂಡುಬಂದ ದೋಷಗಳಿಗೆ ಸಂಬಂಧಿಸಿದ ಪರೀಕ್ಷೆಗಳನ್ನು ಪ್ರತ್ಯೇಕವಾಗಿ ಕೂಡಿಸಿಡಲಾಗಿತ್ತು. ಒಮ್ಮೆ ಮಾಡಿದ ತಪ್ಪು ಮತ್ತೊಮ್ಮೆ ಬರಬಾರದೆಂಬುದೇ ಅದರ ಆಶಯ. ಯಂತ್ರವು ‘ಪರೀಕ್ಷಿತ’ವೆಂದು ಗುರುತು ಹಾಕುವವರೆಗೂ, ಹಿರಿಯ ನಿರ್ವಾಹಕನೊಬ್ಬನು ಓದಿ ಒಪ್ಪುವವರೆಗೂ ತಿದ್ದುಪಡಿಯು ಮೂಲದಲ್ಲಿ ಸೇರುತ್ತಿರಲಿಲ್ಲ. ೨೦೨೦ರಲ್ಲಿ ಈ ಕೆಲಸವು ಗೆರಿಟನ್ನು ಬಿಟ್ಟು ಗಿಟ್‌ಹಬ್ಬಿಗೆ ಬದಲಾಯಿತು.

ಈ ಉದಾಹರಣೆಯಲ್ಲಿ ವಿಶೇಷವಾಗಿ ಗಮನಿಸತಕ್ಕ ಅಂಶವೊಂದಿದೆ. ಪೂರ್ಣ ಪರೀಕ್ಷೆಗೆ ಹಲವು ಗಂಟೆಗಳು ಹಿಡಿಯುತ್ತಿದ್ದವು. ಹಲವು ಯಂತ್ರಗಳ ಸಹಕಾರದಿಂದ ನಡೆಯುವ ತಂತ್ರಾಂಶವಾದುದರಿಂದ, ಕೆಲವು ಪರೀಕ್ಷೆಗಳು ತಿದ್ದುಪಡಿಯಲ್ಲಿ ಯಾವ ದೋಷವೂ ಇಲ್ಲದಿದ್ದರೂ ಒಮ್ಮೆ ಸೋಲುತ್ತಿದ್ದವು, ಮತ್ತೊಮ್ಮೆ ಗೆಲ್ಲುತ್ತಿದ್ದವು. ಆಗ ಬರೆದವನು ‘ಮತ್ತೆ ಪರೀಕ್ಷಿಸು’ ಎಂದು ಆಜ್ಞೆ ಕೊಟ್ಟು ಕಾದು ಕುಳಿತುಕೊಳ್ಳಬೇಕಾಗುತ್ತಿತ್ತು. ಕಡೆಗೆ ಅಂತಹ ಪರೀಕ್ಷೆಗಳ ಕಡತದಲ್ಲಿಯೇ ‘ಇದು ಕೆಟ್ಟ ಪರೀಕ್ಷೆ’ ಎಂಬ ಗುರುತನ್ನು ಬರೆದು, ಅವುಗಳ ಸೋಲನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಮಾಡಲಾಯಿತು.

ಇದನ್ನು ಕೇವಲ ಆಲಸ್ಯವೆಂದು ತಿಳಿಯಬಾರದು. ಎಳೆ ಹರಿಯದಿದ್ದರೂ ಪದೇ ಪದೇ ನಿಲ್ಲುವ ಮಗ್ಗವಿದ್ದರೆ, ನೇಕಾರನಿಗೆ ಆ ನಿಲ್ಲಿಸುವ ಕಡ್ಡಿಯನ್ನೇ ಕಟ್ಟಿಹಾಕುವ ಮನಸ್ಸು ಬಂದೀತು. ಕಟ್ಟಿಹಾಕಿದ ಮೇಲೆ ನಿಜವಾಗಿ ಎಳೆ ಹರಿದಾಗಲೂ ಮಗ್ಗವು ನಿಲ್ಲದು. ಸುಳ್ಳು ಎಚ್ಚರಿಕೆಯು ನಿಜವಾದ ಎಚ್ಚರಿಕೆಯ ಬೆಲೆಯನ್ನು ಕಳೆಯುತ್ತದೆ. ಪರೀಕ್ಷೆಯನ್ನು ಸ್ವಯಂಚಾಲಿತಗೊಳಿಸುವುದಕ್ಕಿಂತ ಅದನ್ನು ನಂಬತಕ್ಕದ್ದಾಗಿ ಉಳಿಸಿಕೊಳ್ಳುವುದು ಕಷ್ಟವೆಂಬ ಈ ಪಾಠವನ್ನು ಗ್ಲಸ್ಟರಿನ ಬಹಿರಂಗ ದಾಖಲೆಗಳು ಮುಚ್ಚುಮರೆಯಿಲ್ಲದೆ ತೋರಿಸುತ್ತವೆ.

೫

ಬೆಂಗಳೂರಿನಲ್ಲಿ ನಿರ್ಮಿತವಾದ ತಂತ್ರಾಂಶವೊಂದರ ಕಥೆಯು ಇದಾಯಿತು. ಕನ್ನಡ ಅಕ್ಷರಗಳೇ ಪರೀಕ್ಷೆಯ ವಸ್ತುವಾದ ಇನ್ನೊಂದು ಕಥೆಯು ಸಾಹಿತ್ಯದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಇದಕ್ಕಿಂತ ಹತ್ತಿರದ್ದು.

ಮೊದಲಿನ ಕನ್ನಡ ತಂತ್ರಾಂಶಗಳು ಅಕ್ಷರದ ಆಕಾರಗಳನ್ನೇ ಸಂಖ್ಯೆಗಳಾಗಿ ಸಂಗ್ರಹಿಸುತ್ತಿದ್ದವು. ಒತ್ತು, ಗುಣಿತ, ತಲೆಕಟ್ಟುಗಳು ಬೇರೆ ಬೇರೆ ತುಂಡುಗಳಾಗಿದ್ದು ಅಚ್ಚಿನ ಮೊಳೆಗಳಂತೆ ಜೋಡಣೆಯಾಗುತ್ತಿದ್ದವು. ಒಂದು ತಂತ್ರಾಂಶದಲ್ಲಿ ಬರೆದುದನ್ನು ಮತ್ತೊಂದರಲ್ಲಿ ಓದಲಾಗದ ತೊಡಕು ಇದರಿಂದ ಉಂಟಾಯಿತು. ೧೯೯೧ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದ್ದು, ಆ ವ್ಯವಸ್ಥೆಯಲ್ಲಿ ಸಂಗ್ರಹವಾಗುವುದು ಆಕಾರವಲ್ಲ, ಅಕ್ಷರ. ಅಕ್ಷರಗಳ ಸಾಲನ್ನು ನೋಡಿ ತಕ್ಕ ಆಕಾರವನ್ನು ಕಟ್ಟುವ ಹೊಣೆಯು ‘ಶೇಪಿಂಗ್ ಎಂಜಿನ್’ ಎಂಬ ಬೇರೊಂದು ತಂತ್ರಾಂಶದ ಮೇಲೆ ಬಿದ್ದಿತು.

ಈ ಹೊಣೆಯು ಸುಲಭವಾದುದಲ್ಲ. ‘ಕಾರ್ಯ’ ಎಂಬ ಪದದಲ್ಲಿ ರಕಾರವು ಯಕಾರಕ್ಕಿಂತ ಮೊದಲು ಉಚ್ಚರಿತವಾದರೂ ಅರ್ಕಾವತ್ತಾಗಿ ಅದರ ಬಲಕ್ಕೆ ಹೋಗಿ ನಿಲ್ಲಬೇಕು. ‘ರ‍್ಯಾಂಕು’ ಎಂಬ ಪದದಲ್ಲಿಯಾದರೋ ರಕಾರವು ತನ್ನ ಪೂರ್ಣರೂಪದಲ್ಲಿಯೇ ಇದ್ದು ಯಕಾರವು ಒತ್ತಾಗಬೇಕು. ಎರಡರಲ್ಲಿಯೂ ವ್ಯಂಜನಗಳ ಕ್ರಮ ಒಂದೇ. ಆದುದರಿಂದ ಎರಡನೆಯದರಲ್ಲಿ ರಕಾರದ ಮುಂದೆ ಕಣ್ಣಿಗೆ ಕಾಣದ ಜೋಡಕ ಚಿಹ್ನೆಯೊಂದನ್ನು ಇಟ್ಟು ಭೇದವನ್ನು ಸೂಚಿಸಬೇಕಾಗುತ್ತದೆ. ‘ಸ್ತ್ರೀ’ ಎಂಬಲ್ಲಿ ಮೂರು ವ್ಯಂಜನಗಳು ಕೂಡಬೇಕು. ‘ಕೋ’ ಎಂಬಲ್ಲಿ ಒಂದೇ ಸ್ವರಚಿಹ್ನೆಯು ಮೂರು ತುಂಡುಗಳಾಗಿ ಒಡೆಯುತ್ತದೆ. ಇವುಗಳಲ್ಲಿ ಒಂದನ್ನು ಸರಿಪಡಿಸಲು ಹೋದಾಗ ಇನ್ನೊಂದು ಕೆಡುವ ಸಂಭವವು ಸದಾ ಇರುವುದು.

‘ಹಾರ್ಫ್‌ಬಜ್’ ಎಂಬ ಮುಕ್ತ ತಂತ್ರಾಂಶವು ಇಂದು ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಮೊದಲಾದವುಗಳಲ್ಲಿ ಈ ಕೆಲಸವನ್ನು ಮಾಡುತ್ತಿದೆ. ಕನ್ನಡಿಗನು ತನ್ನ ಕೈಯ ದೂರವಾಣಿಯಲ್ಲಿ ಓದುವ ಕನ್ನಡದ ಬಹುಭಾಗವನ್ನು ಕಟ್ಟಿಕೊಡುವುದು ಇದೇ. ಇದರ ಪ್ರಧಾನ ನಿರ್ಮಾತೃವಾದ ಬೆಹದಾದ್ ಎಸ್ಫಹಬೋದ್ ಇರಾನಿನ ಮೂಲದವನು. ತಂತ್ರಾಂಶದ ಹೆಸರೂ ಫಾರ್ಸಿಯದು. ಕನ್ನಡವನ್ನು ಬರೆಯಲು ಓದಲು ಅರಿಯದವರು ಕನ್ನಡದ ಲಿಪಿನಿಯಮಗಳನ್ನು ಯಂತ್ರಕ್ಕೆ ಕಲಿಸಬೇಕಾಗಿ ಬಂದಾಗ, ತಾವು ಮಾಡಿದ್ದು ಸರಿಯೋ ತಪ್ಪೋ ಎಂಬುದನ್ನು ತಿಳಿಯುವುದು ಹೇಗೆ?

ಇದಕ್ಕೆ ಅವರು ಕಂಡುಕೊಂಡ ಉಪಾಯವು ಸ್ವಯಂಪರೀಕ್ಷೆಯೇ. ವಿಕಿಪೀಡಿಯದಂತಹ ಬಹಿರಂಗ ಬರಹಗಳಿಂದ ಪದಗಳನ್ನು ಸಂಗ್ರಹಿಸಿ, ಒಂದೊಂದು ಪದವನ್ನೂ ಹಾರ್ಫ್‌ಬಜ್ ಹೇಗೆ ಕಟ್ಟುತ್ತದೆ, ಮೈಕ್ರೋಸಾಫ್ಟಿನ ‘ಯೂನಿಸ್ಕ್ರೈಬ್’ ಹೇಗೆ ಕಟ್ಟುತ್ತದೆ ಎಂಬುದನ್ನು ಯಂತ್ರದಿಂದಲೇ ಹೋಲಿಸಿ ನೋಡಿದರು. ಹಸ್ತಪ್ರತಿಗಳ ಪಾಠಾಂತರಗಳನ್ನು ಹೋಲಿಸುವ ನಮ್ಮ ಸಂಪಾದಕರ ಕೆಲಸದಂತೆಯೇ ಇದು. ಭಾರತೀಯ ಲಿಪಿಗಳ ನಿಯಮಗಳಲ್ಲಿ ತಿದ್ದುಪಡಿ ಮಾಡಿದಾಗ, ಯಾವ ಲಿಪಿಯಲ್ಲಿ ಎಷ್ಟು ಪದಗಳು ಹೊಂದಿದವು, ಎಷ್ಟು ಹೊಂದಲಿಲ್ಲ ಎಂಬ ಲೆಕ್ಕವನ್ನು ತಿದ್ದುಪಡಿಯ ಟಿಪ್ಪಣಿಯಲ್ಲಿಯೇ ಬರೆದಿಡುತ್ತಿದ್ದರು. ೨೦೧೩ರ ಸುಮಾರಿನ ಇಂತಹ ಒಂದು ಲೆಕ್ಕದಂತೆ ಕನ್ನಡದ ೯,೫೧,೯೧೩ ಪದಗಳಲ್ಲಿ ೯,೫೧,೧೯೦ ಹೊಂದಿ ೭೨೩ ಹೊಂದದೆ ಉಳಿದಿದ್ದವು. ತೆಲುಗಿನ ೯,೭೦,೫೭೩ ಪದಗಳಲ್ಲಿ ಹೊಂದದವು ೧೮. ತಮಿಳಿನ ೧೦,೯೧,೭೫೪ ಪದಗಳಲ್ಲಿ ಕೇವಲ ೧.

ಈ ಅಂಕಿಗಳನ್ನು ಓದುವಾಗ ಎಚ್ಚರಿಕೆಯಿರಬೇಕು. ಹೊಂದದ ೭೨೩ ಪದಗಳೆಲ್ಲವೂ ಹಾರ್ಫ್‌ಬಜ್ಜಿನ ತಪ್ಪುಗಳೆಂದು ತಿಳಿಯಲಾಗದು. ಎರಡು ಪ್ರತಿಗಳು ಭಿನ್ನವಾದಾಗ ಯಾವುದು ಶುದ್ಧಪಾಠವೆಂಬುದನ್ನು ಭೇದವೊಂದೇ ಹೇಳಲಾರದು. ತಪ್ಪು ಯೂನಿಸ್ಕ್ರೈಬಿನದಾಗಿರಬಹುದು, ಅಥವಾ ಪದವನ್ನು ಬರೆದವನದೇ ಆಗಿರಬಹುದು. ಹಾಗೆಯೇ ಹೊಂದಿದ ಒಂಬತ್ತೂವರೆ ಲಕ್ಷ ಪದಗಳೆಲ್ಲವೂ ಶುದ್ಧವೆಂದೂ ಹೇಳಲಾಗದು. ಎರಡೂ ಒಂದೇ ತಪ್ಪನ್ನು ಮಾಡಿರಬಹುದು. ಸಮಾನದೋಷವು ಹೋಲಿಕೆಗೆ ಸಿಕ್ಕುವುದಿಲ್ಲವೆಂಬುದು ಗ್ರಂಥಸಂಪಾದನೆಯಲ್ಲಿ ಪರಿಚಿತವಾದ ಸತ್ಯ. ಭೇದವು ಎಲ್ಲಿದೆಯೆಂಬುದನ್ನು ಯಂತ್ರವು ಕ್ಷಣಮಾತ್ರದಲ್ಲಿ ತೋರಿಸುತ್ತದೆ. ತೀರ್ಮಾನವು ಮಾತ್ರ ಭಾಷೆಯನ್ನು ಬಲ್ಲವನಿಂದಲೇ ಬರಬೇಕು.

ಆದರೂ ಈ ಪರೀಕ್ಷೆಯಿಂದಾದ ಉಪಕಾರವು ಅಲ್ಪವಲ್ಲ. ಬೇರೊಂದು ಲಿಪಿಗಾಗಿ ಮಾಡಿದ ತಿದ್ದುಪಡಿಯು ಕನ್ನಡವನ್ನು ಕೆಡಿಸಿದರೆ ಕನ್ನಡದ ಲೆಕ್ಕದಲ್ಲಿ ಅದು ಒಡನೆಯೇ ಕಾಣುವಂತಾಯಿತು. ಬಳಿಕ ಯೂನಿಕೋಡ್ ಒಕ್ಕೂಟದ ಪಠ್ಯಚಿತ್ರಣ ಪರೀಕ್ಷಾಮಾಲೆಯಲ್ಲಿಯೂ ಕನ್ನಡಕ್ಕೆಂದೇ ಮೂರು ಪರೀಕ್ಷೆಗಳು ಸೇರಿದವು. ಆ ಮಾಲೆಯನ್ನು ಹಾರ್ಫ್‌ಬಜ್ ತನ್ನ ಪರೀಕ್ಷೆಗಳಲ್ಲಿ ಅಳವಡಿಸಿಕೊಂಡಿದೆ. ೨೦೦೩ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ತನ್ನ ಊರಿನ ಬಗೆಗೆ ನಾಲ್ಕು ಸಾಲು ಬರೆದವನು, ತನಗರಿವಿಲ್ಲದೆಯೇ, ತನ್ನ ಲಿಪಿಯ ಕಾವಲಿಗೆ ನಾಲ್ಕು ಎಳೆಗಳನ್ನು ಕೊಟ್ಟಂತಾಯಿತು. ಬಹಿರಂಗವಾಗಿ ಬರೆದ ಪದಗಳೇ ಇಲ್ಲದ ಭಾಷೆಗೆ ಇಂತಹ ಕಾವಲು ದೊರೆಯಲಾರದು.

೬

ಮೂರೂ ಕೆಲಸಗಳನ್ನು ಯಂತ್ರಕ್ಕೆ ಒಪ್ಪಿಸಿದ ಮೇಲೆ ಅಪಾಯವು ತೀರಿತೆಂದು ತಿಳಿಯುವುದು ಸರಿಯಲ್ಲ. ಎರಡು ದುರಂತಗಳು ಇದನ್ನು ಎರಡು ಬಗೆಯಾಗಿ ಸ್ಪಷ್ಟಪಡಿಸುತ್ತವೆ.

ಮೊದಲನೆಯದು ಪ್ರಸಾರವನ್ನು ಕೈಯಿಂದ ಮಾಡಿದ್ದರ ಫಲ. ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯವಹಾರದ ಸಂಸ್ಥೆಯು ೨೦೧೨ರ ಆಗಸ್ಟ್ ೧ರ ಹೊಸ ವ್ಯವಹಾರಕ್ಕಾಗಿ ತನ್ನ ೮ ಸರ್ವರುಗಳಲ್ಲಿ ಹೊಸ ತಂತ್ರಾಂಶವನ್ನು ಹಾಕಬೇಕಾಗಿತ್ತು. ಕೆಲಸಗಾರನು ೭ರಲ್ಲಿ ಹಾಕಿ ೧ನ್ನು ಮರೆತನು. ಎರಡನೆಯವನೊಬ್ಬನು ಅದನ್ನು ಪರಿಶೀಲಿಸಬೇಕೆಂಬ ನಿಯಮವಿರಲಿಲ್ಲ. ಉಳಿದ ಒಂದು ಸರ್ವರಿನಲ್ಲಿ ಬಹುಕಾಲದಿಂದ ಬಳಕೆ ತಪ್ಪಿದ್ದ ಹಳೆಯ ಸಂಕೇತವು ಎಚ್ಚೆತ್ತು ಲಕ್ಷಗಟ್ಟಲೆ ತಪ್ಪು ಬೇಡಿಕೆಗಳನ್ನು ಕಳುಹಿಸಿತು. ಸುಮ್ಮನೆ ೪೫ ನಿಮಿಷಗಳಲ್ಲಿ ೪೪ ಕೋಟಿ ಡಾಲರುಗಳಿಗೂ ಮಿಕ್ಕ ನಷ್ಟವಾಗಿ ಆ ಸಂಸ್ಥೆಯು ತನ್ನ ಸ್ವಾತಂತ್ರ್ಯವನ್ನೇ ಕಳೆದುಕೊಂಡಿತು. ಎಂಟು ಪ್ರತಿಗಳಲ್ಲಿ ಒಂದು ಹಳೆಯದಾಗಿ ಉಳಿದುದರ ಬೆಲೆ ಅದು.

ಎರಡನೆಯದು ಪ್ರಸಾರವನ್ನು ಯಂತ್ರಕ್ಕೆ ಒಪ್ಪಿಸಿದ್ದರ ಫಲ. ೨೦೨೪ರ ಜುಲೈ ೧೯ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾತಂತ್ರಾಂಶದ ಸಂಸ್ಥೆಯು ಒಂದು ಸಣ್ಣ ಕಡತವನ್ನು ಜಗತ್ತಿನ ತನ್ನ ಗ್ರಾಹಕರಿಗೆಲ್ಲ ಒಮ್ಮೆಗೇ ಕಳುಹಿಸಿತು. ತಂತ್ರಾಂಶವು ೨೦ ಅಂಶಗಳನ್ನು ಒದಗಿಸುತ್ತಿದ್ದಲ್ಲಿ ಕಡತವು ೨೧ನೆಯದನ್ನು ಕೇಳುತ್ತಿತ್ತು. ಅದನ್ನು ಪರೀಕ್ಷಿಸುವ ಸ್ವಯಂಚಾಲಿತ ಪರಿಶೀಲಕವು ಇದ್ದಿತು. ಆದರೆ ಆ ಪರಿಶೀಲಕದಲ್ಲಿಯೇ ದೋಷವಿದ್ದುದರಿಂದ ಕಡತವು ತೇರ್ಗಡೆಯಾಯಿತು. ಸಂಸ್ಥೆಯು ೭೮ ನಿಮಿಷಗಳಲ್ಲಿ ಅದನ್ನು ಹಿಂತೆಗೆದುಕೊಂಡಿತಾದರೂ ಅಷ್ಟರಲ್ಲಿ, ಮೈಕ್ರೋಸಾಫ್ಟಿನ ಅಂದಾಜಿನಂತೆ, ೮೫ ಲಕ್ಷ ಗಣಕಯಂತ್ರಗಳು ಕೆಟ್ಟುನಿಂತಿದ್ದವು. ಬೆಂಗಳೂರೂ ಸೇರಿ ಭಾರತದ ಹಲವು ವಿಮಾನನಿಲ್ದಾಣಗಳಲ್ಲಿ ವಿಮಾನಸಂಸ್ಥೆಗಳ ಕೆಲಸವು ಅಸ್ತವ್ಯಸ್ತಗೊಂಡಿತು. ದೇಶದಲ್ಲಿ ಕೆಲವೆಡೆ ಪ್ರಯಾಣದ ಚೀಟಿಯನ್ನು ಮತ್ತೆ ಕೈಯಿಂದ ಬರೆದುಕೊಡಬೇಕಾಯಿತು.

ಮೊದಲನೆಯ ದುರಂತವು ಸ್ವಯಂಚಾಲನವು ಏಕೆ ಬೇಕೆಂಬುದನ್ನು ತೋರಿಸುತ್ತದೆ. ಎರಡನೆಯದು ಅದು ಏಕೆ ಸಾಲದೆಂಬುದನ್ನು. ಸಾವಿರ ಪ್ರತಿಗಳನ್ನು ಹಂಚುವ ಮೊದಲು ಹತ್ತನ್ನು ಹಂಚಿ, ಓದಿದವರ ಮಾತನ್ನು ಕೇಳಿ, ಅನಂತರ ಉಳಿದವನ್ನು ಹಂಚುವುದು ವಿವೇಕ. ಹಂತಹಂತವಾದ ಪ್ರಸಾರವೆಂಬ ಈ ವಿವೇಕವನ್ನು ಆ ಸಂಸ್ಥೆಯು ದುರಂತದ ನಂತರ ಇಂತಹ ಕಡತಗಳಿಗೂ ಅಳವಡಿಸಿಕೊಂಡಿತು.

೭

ಮೇಲಿನ ವಿವೇಚನೆಯ ಸಾರವನ್ನು ಹೀಗೆ ಸಂಗ್ರಹಿಸಬಹುದು. ಪ್ರತಿಮಾಡುವ ವೇಗವು ಹೆಚ್ಚಿದಂತೆಲ್ಲ ತಪ್ಪು ಹರಡುವ ವೇಗವೂ ಹೆಚ್ಚುತ್ತದೆ. ಆದುದರಿಂದ ಪರಿಶೀಲನೆಯ ವೇಗವನ್ನೂ ಹೆಚ್ಚಿಸುವುದು ಅನಿವಾರ್ಯವಾಯಿತು. ಯಂತ್ರವು ಅದನ್ನು ಸಾಧಿಸಿಕೊಟ್ಟಿತು. ಆದರೆ ಏನನ್ನು ಪರಿಶೀಲಿಸಬೇಕೆಂಬುದನ್ನು ಯಂತ್ರವು ತಾನಾಗಿ ಅರಿಯದು. ಅದನ್ನು ವಿಷಯಬಲ್ಲವರು ಬರೆದುಕೊಡಬೇಕು.

ಇಲ್ಲಿ ಕನ್ನಡ ವಿಭಾಗಗಳ ಕರ್ತವ್ಯವೊಂದು ಸೂಚಿತವಾಗುತ್ತದೆ. ನಮ್ಮ ಪ್ರಾಚೀನ ಕಾವ್ಯಗಳು ಇಂದು ಗಣಕಯಂತ್ರಕ್ಕೆ ಏರುತ್ತಿವೆ. ಏರಿದೊಡನೆ ಎಣಿಕೆಯಿಲ್ಲದಷ್ಟು ಪ್ರತಿಗಳಾಗಿ ಹರಡುತ್ತಿವೆ. ಅಕ್ಷರ ಜೋಡಿಸುವಾಗ ಬಿದ್ದ ತಪ್ಪುಗಳು ಅವುಗಳೊಡನೆಯೇ ಹರಡುತ್ತಿವೆ. ಇದನ್ನು ತಡೆಯಲು ತಂತ್ರಾಂಶದವರ ಪದ್ಧತಿಯನ್ನೇ ನಾವು ಬಳಸಬಹುದು. ಪಠ್ಯವನ್ನು ಆಕರ ಸಂಕೇತದಂತೆ ಒಂದು ಭಂಡಾರದಲ್ಲಿಟ್ಟು, ಪ್ರತಿಯೊಂದು ತಿದ್ದುಪಡಿಯೂ ಯಾರಿಂದ ಯಾವಾಗ ಏಕೆ ಆಯಿತೆಂಬುದನ್ನು ದಾಖಲಿಸಿ, ತಿದ್ದಿದಾಗಲೆಲ್ಲ ಪರೀಕ್ಷೆಗಳು ತಾವಾಗಿ ನಡೆಯುವಂತೆ ಏರ್ಪಡಿಸುವುದು ಒಬ್ಬಿಬ್ಬರು ವಿದ್ಯಾರ್ಥಿಗಳಿಗೂ ಸಾಧ್ಯವಾದ ಕೆಲಸ.

ಪರೀಕ್ಷೆಗಳು ಯಾವುವು? ಕಂದಪದ್ಯವನ್ನೇ ತೆಗೆದುಕೊಳ್ಳೋಣ. ಅದರ ಒಂದು ಮತ್ತು ಮೂರನೆಯ ಪಾದಗಳಲ್ಲಿ ನಾಲ್ಕು ಮಾತ್ರೆಯ ಮೂರು ಗಣಗಳೂ, ಎರಡು ಮತ್ತು ನಾಲ್ಕನೆಯ ಪಾದಗಳಲ್ಲಿ ಐದು ಗಣಗಳೂ ಇರಬೇಕು, ಅಂದರೆ ಕ್ರಮವಾಗಿ ೧೨, ೨೦, ೧೨, ೨೦ ಮಾತ್ರೆಗಳು, ಒಟ್ಟು ೬೪. ಪಾದಗಳ ಎರಡನೆಯ ಅಕ್ಷರದಲ್ಲಿ ಪ್ರಾಸವಿರಬೇಕು. ಗುರುಲಘುಗಳನ್ನು ಎಣಿಸಿ ಈ ನಿಯಮಗಳನ್ನು ನೋಡುವುದು ಯಂತ್ರಕ್ಕೆ ಸುಲಭ. ಜೋಡಿಸುವವನು ಒಂದು ದೀರ್ಘವನ್ನು ಹ್ರಸ್ವ ಮಾಡಿದರೆ, ಒಂದು ಒತ್ತನ್ನು ಬಿಟ್ಟರೆ, ಲೆಕ್ಕ ತಪ್ಪುತ್ತದೆ, ಮಗ್ಗವು ನಿಲ್ಲುತ್ತದೆ. ನಮ್ಮ ಹಿರಿಯ ಸಂಪಾದಕರು ಛಂದಸ್ಸಿನ ಈ ಸಾಕ್ಷ್ಯವನ್ನು ಕೈಬೆರಳಿನಲ್ಲಿ ಎಣಿಸಿಯೇ ಬಳಸಿದವರು.

ಆದರೆ ಮಾತ್ರೆಯನ್ನು ಕೆಡಿಸದೆ ಅರ್ಥವನ್ನು ಮಾತ್ರ ಕೆಡಿಸುವ ತಪ್ಪು ಈ ಜರಡಿಯಲ್ಲಿ ಸಿಕ್ಕುವುದಿಲ್ಲ. ಲೆಕ್ಕಕ್ಕೆ ಹೊಂದದ ಪಾದವು ಕೆಲವೊಮ್ಮೆ ಕವಿಯ ಕಾಲದ ಉಚ್ಚಾರಣೆಯನ್ನು ನಾವರಿಯದ್ದರ ಫಲವೂ ಆಗಿರಬಹುದು. ಶಿಥಿಲದ್ವಿತ್ವವು ಅದಕ್ಕೊಂದು ಪ್ರಸಿದ್ಧ ನಿದರ್ಶನ. ಇಂತಹ ಸ್ಥಳಗಳಲ್ಲಿ ಯಂತ್ರವನ್ನು ತೃಪ್ತಿಪಡಿಸಲು ಪಾಠವನ್ನು ತಿದ್ದುವುದು ಮಹಾಪರಾಧ. ಪರೀಕ್ಷೆಯನ್ನೇ ತಿದ್ದಿ, ತಿದ್ದಿದ ಕಾರಣವನ್ನು ಬರೆದಿಡುವುದು ಯುಕ್ತ.

ರನ್ನನ ಊರಿನ ಹುಡುಗನೊಬ್ಬನು ಇಂದು ತನ್ನ ದೂರವಾಣಿಯಲ್ಲಿ ಗದಾಯುದ್ಧವನ್ನು ತೆರೆದರೆ, ಅಕ್ಷರಗಳು ಸರಿಯಾಗಿ ಕೂಡಿ ಕಾಣುವಂತೆ ಮಾಡುವ ಪರೀಕ್ಷೆಗಳನ್ನು ಎಲ್ಲಿಯೋ ದೂರದಲ್ಲಿರುವವರು ಬರೆದಿಟ್ಟಿದ್ದಾರೆ. ಆ ಅಕ್ಷರಗಳು ರನ್ನನ ಪಾಠವನ್ನೇ ಹೇಳುತ್ತಿವೆಯೆಂಬುದನ್ನು ನೋಡುವ ಪರೀಕ್ಷೆಗಳನ್ನು ಬರೆಯಬೇಕಾದವರು ಕನ್ನಡವನ್ನು ಓದಿದವರು. ಅವರ ಪರವಾಗಿ ಇತರರು ಅದನ್ನು ಬರೆಯಲಾರರು. ಅತ್ತಿಮಬ್ಬೆಯ ಲಿಪಿಕಾರರ ಕಾಲದಲ್ಲಿ ಇಂತಹ ಸಾಧನವಿರಲಿಲ್ಲ. ಬಲ್ಲವರು ತಿದ್ದಿಕೊಳ್ಳಲಿ ಎಂಬ ಓಲೆಗರಿಗಳ ಬೇಡಿಕೆಯನ್ನು ನಡೆಸಿಕೊಡುವ ಸಾಧನವು ಈಗ ನಮ್ಮ ಕೈಯಲ್ಲಿದೆ.